ರಿಚ್ಪ ಅಂದರೆ ಕೆಂಡವೋ, ನೆಲವೋ? ಮಗಳಿಗೆ ಈ ಹೆಸರಿಡಬೇಕೆಂದಿದ್ದೇನೆ

ಹಂಚಿನ_ಮನೆ

ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿ ಇವತ್ತಿಗೆ ಇಪ್ಪತ್ತಾರು ದಿನ. ಬರುವ ತಿಂಗಳ ಮೊದಲ ಭಾನುವಾರ ದೀಕ್ಷಾಸ್ನಾನ. ಸಭಾಪಾಲಕರಿಗೆ ಹೆಸರು ಬರೆದುಕೊಡಬೇಕು, ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ನನ್ನ ಮನಸ್ಸಿನಲ್ಲಿರುವ ಹೆಸರು ರಿಚ್ಪ. 2 ಸಮುವೇಲ 21ನೇ ಅಧ್ಯಾಯದಲ್ಲಿ ಬರುವವಳು. ಇಸ್ರಾಯೇಲಿನ ಮೊದಲ ಅರಸ ಸೌಲನ ಉಪಪತ್ನಿ, ಅಯ್ಯಾಹನ ಮಗಳು. ತನ್ನ ಇಬ್ಬರು ಮಕ್ಕಳನ್ನೂ ಸೌಲನ ಐವರು ಮೊಮ್ಮಕ್ಕಳನ್ನೂ ಬೆಟ್ಟದ ಮೇಲೆ ಗಲ್ಲಿಗೆ ಹಾಕಿದಾಗ, ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತು, ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಆ ಹೆಣಗಳ ಹತ್ತಿರ ಬಿಡದೆ ಕಾದವಳು.

ಬಸುರಿಯಾಗಿದ್ದಾಗ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದರು. ಸಂಜೆ ಪ್ರಾರ್ಥನೆಗೆ ದಿನಕ್ಕೊಂದು ಅಧ್ಯಾಯ ಓದುವುದು ನಮ್ಮ ಮನೆಯ ಪದ್ಧತಿ. ಗಂಡನ ಅಜ್ಜಿ ನನ್ನ ಮಂಚದ ಪಕ್ಕ ಕೂತು, ಭೂತಗನ್ನಡಿ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಆ ದಿನ ಹತ್ತನೇ ವಚನಕ್ಕೆ ಬಂದಾಗ ಬೆರಳು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, "ಎಷ್ಟು ಸಲ ಓದಿದ್ದೇನೆ, ಈ ಹೆಂಗಸು ಒಂದೇ ಒಂದು ಮಾತಾಡುವುದಿಲ್ಲ ನೋಡು" ಅಂದರು. ಅಂದಿನಿಂದ ಆ ಹೆಸರು ನನ್ನನ್ನು ಬಿಟ್ಟಿಲ್ಲ.

ಅತ್ತೆ, ಮಾವ, ನನ್ನ ತಾಯಿ ಮೂವರಿಗೂ ಇಷ್ಟವಿಲ್ಲ. ಉಪಪತ್ನಿಯ ಹೆಸರು, ಹೆಣ ಕಾದವಳ ಹೆಸರು ಅನ್ನುತ್ತಾರೆ. ಅರ್ಥ ಹುಡುಕಿದರೆ ಒಂದು ಕಡೆ "ಉರಿಯುವ ಕೆಂಡ", ಇನ್ನೊಂದು ಕಡೆ "ಕಲ್ಲುಹಾಸಿನ ನೆಲ" ಅಂತಿದೆ. ಯಾವುದು ಸರಿ? ನಿಜವಾಗಿ ಹೇಗೆ ಉಚ್ಚರಿಸಬೇಕು? ತಿಳಿದವರು ಹೇಳಿ. ಹೆಸರು ಬೇಡ ಅನ್ನಿಸಿದವರೂ ಮುಚ್ಚುಮರೆಯಿಲ್ಲದೆ ಹೇಳಿ.

ಸೆಮಿನರಿ_ಬೆಂಚು

ಮೊದಲು ಉಚ್ಚಾರಣೆ ಹೇಳುತ್ತೇನೆ. ಹೀಬ್ರೂವಿನಲ್ಲಿ ನಡುವಿನ ಅಕ್ಷರ "ಚಾದೆ". ನಮ್ಮ ಸತ್ಯವೇದದ ಅನುವಾದಕರು ಈ ಅಕ್ಷರ ಬಂದಲ್ಲೆಲ್ಲ ಸಾಮಾನ್ಯವಾಗಿ "ಚ" ಬರೆದಿದ್ದಾರೆ. ಅದಕ್ಕೇ ನಮಗೆ ಚೀಯೋನ್, ಮಿಚ್ಪ, ಚಿದ್ಕೀಯ ಅಂತ ಓದಿ ರೂಢಿ. ಇಂಗ್ಲಿಷಿನವರು ಅದೇ ಅಕ್ಷರಕ್ಕೆ "ಝಡ್" ಹಾಕಿ ಝಯಾನ್, ರಿಝ್ಪಾ ಅಂದರು. ಇವತ್ತಿನ ಇಸ್ರೇಲಿನಲ್ಲಿ "ತ್ಸ" ಅನ್ನುತ್ತಾರೆ, ರಿತ್ಸ್ಪಾ. ಹಳೆಯ ಗ್ರೀಕ್ ಅನುವಾದದಲ್ಲಿ ರೆಸ್ಫಾ ಅಂತಿದೆ. ಹಾಗಾಗಿ ರಿಚ್ಪ ತಪ್ಪಲ್ಲ. ಅದು ಕನ್ನಡದ ಬಾಯಿಗೆ ಒಗ್ಗಿದ ರೂಪ.

ಇನ್ನು ಅರ್ಥ. ಎರಡೂ ಸರಿ ಎಂದು ಹೇಳಿ ಮುಗಿಸಬಹುದು. ಆದರೆ ವಿಷಯ ಅದಕ್ಕಿಂತ ಚೆನ್ನಾಗಿದೆ.

ಯೆಶಾಯ 6ನೇ ಅಧ್ಯಾಯ ನೆನಪಿಸಿಕೊಳ್ಳಿ. ಪ್ರವಾದಿ "ನಾನು ಹೊಲಸು ತುಟಿಯವನು" ಎಂದು ಗೋಳಾಡುತ್ತಾನೆ. ಸೆರಾಫಿಯರೆಂಬ ದೇವದೂತರಲ್ಲಿ ಒಬ್ಬನು ಯಜ್ಞವೇದಿಯಿಂದ ಇಕ್ಕುಳದಲ್ಲಿ ಒಂದು ಕೆಂಡ ತಂದು ಅವನ ಬಾಯಿಗೆ ಮುಟ್ಟಿಸುತ್ತಾನೆ. ಆ ಕೆಂಡಕ್ಕೆ ಮೂಲದಲ್ಲಿರುವ ಪದ "ರಿಚ್ಪಾ". ಇದ್ದಿಲಿನ ಕೆಂಡ ಅನ್ನುವುದಕ್ಕಿಂತ ಕಾದು ಕೆಂಪಾದ ಕಲ್ಲು ಅನ್ನುವುದು ಹೆಚ್ಚು ಹತ್ತಿರ. 1 ಅರಸುಗಳು 19ರಲ್ಲಿ ಎಲೀಯ ಜೀವವೇ ಬೇಡವೆಂದು ಗಿಡದ ಕೆಳಗೆ ಮಲಗಿದಾಗ ದೇವದೂತ ತಂದಿಟ್ಟ ರೊಟ್ಟಿಯೂ ಇದೇ ಕುಟುಂಬದ "ರೆಚಾಫೀಮ್" ಮೇಲೆ, ಅಂದರೆ ಕಾದ ಕಲ್ಲುಗಳ ಮೇಲೆ ಸುಟ್ಟದ್ದು.

ನೆಲದ ಅರ್ಥವೂ ಬೈಬಲಿನೊಳಗೇ ಇದೆ. ಎಸ್ತೇರಳ ಗ್ರಂಥದ ಮೊದಲ ಅಧ್ಯಾಯದಲ್ಲಿ ಪಾರಸಿಯ ಅರಸನ ಔತಣದ ಅಂಗಳಕ್ಕೆ ಅಮೃತಶಿಲೆ, ಮುತ್ತಿನ ಚಿಪ್ಪು ಸೇರಿಸಿ ಹಾಸಿದ ನೆಲವಿದೆ. ಯೆಹೆಜ್ಕೇಲ 40ರಲ್ಲಿ ದೇವಾಲಯದ ಪ್ರಾಕಾರಕ್ಕೆ ಕಲ್ಲುಹಾಸು. 2 ಪೂರ್ವಕಾಲವೃತ್ತಾಂತ 7ರಲ್ಲಿ ಜನರೆಲ್ಲ ಮುಖ ಕೆಳಗೆ ಮಾಡಿ ಅಡ್ಡಬಿದ್ದದ್ದು ಆ ನೆಲದ ಮೇಲೇ.

ನೋಡಲು ಒಂದೇ ಧಾತು, ರ-ಚ-ಪ. ಆದರೆ ಪಕ್ಕದ ಅರಬ್ಬಿಯಲ್ಲಿ ಇವು ಎರಡು ಬೇರೆ ಅಕ್ಷರಗಳ ಪದಗಳು: "ರದ್ಫ್" ಅಂದರೆ ಕಾಯಿಸಿದ ಕಲ್ಲು, "ರಸೀಫ್" ಅಂದರೆ ಕಲ್ಲುಹಾಸು, ಕಾಲುದಾರಿ. ಬೇರೆಬೇರೆಯಾಗಿದ್ದ ಎರಡು ಧ್ವನಿಗಳು ಹೀಬ್ರೂವಿನಲ್ಲಿ ಒಂದೇ ಅಕ್ಷರಕ್ಕೆ ಬಂದು ಸೇರಿವೆ. ನಿಮಗೆ ಎರಡು ಉತ್ತರ ಸಿಕ್ಕಿದ್ದು ಅದಕ್ಕೇ.

ಹೈಫಾದಿಂದ

ನಾನು ಮೂಲತಃ ಮಂಗಳೂರಿನವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಕರಾವಳಿಯವರು ಇಲ್ಲಿ ಇದೇ ಕೆಲಸದಲ್ಲಿ ಬಹಳ ಜನ ಇದ್ದೇವೆ.

ಈ ಹೆಸರು ನೋಡಿ ಎದೆ ಜುಂ ಅಂತು. ಯಾಕೆಂದರೆ ಇದು ನಾನು ದಿನಾ ಕೇಳುವ ಪದ. "ರಿತ್ಸ್ಪಾ" ಅಂದರೆ ಇಲ್ಲಿ ಮನೆಯ ನೆಲ. ನೆಲ ತೊಳೆಯುವುದಕ್ಕೆ "ಲಿಶ್ತೋಫ್ ರಿತ್ಸ್ಪಾ" ಅನ್ನುತ್ತಾರೆ. ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಹತ್ತು ಪದಗಳಲ್ಲಿ ಇದೂ ಒಂದು. ಬಕೆಟ್ ನೀರನ್ನು ನೆಲಕ್ಕೆ ಸುರಿದು, ಉದ್ದ ಕೋಲಿನ ರಬ್ಬರ್ ಪಟ್ಟಿಯಿಂದ ಬಾಲ್ಕನಿಯ ತೂತಿನ ಕಡೆಗೆ ತಳ್ಳಬೇಕು. ಆ ಕೋಲಿಗೆ "ಮಗಾವ್" ಅನ್ನುತ್ತಾರೆ. ನಾನು ನೋಡಿಕೊಳ್ಳುವ ಅಜ್ಜಿ ಕುರ್ಚಿಯಲ್ಲಿ ಕೂತು ಮೂಲೆ ತೋರಿಸುತ್ತಾರೆ, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಅಂತ.

ನಿಮ್ಮ ಪ್ರಶ್ನೆ ಓದಿ ಅವರನ್ನೇ ಕೇಳಿದೆ. ಊರಲ್ಲಿ ಒಬ್ಬಳು ಮಗುವಿಗೆ ರಿತ್ಸ್ಪಾ ಅಂತ ಹೆಸರಿಡಬೇಕೆಂದಿದ್ದಾಳೆ ಅಂದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ, ನೆಲ ಅಂತ ಯಾರಾದರೂ ಹೆಸರಿಡುತ್ತಾರಾ ಅಂದರು. ಆಮೇಲೆ ತಾವೇ ತಡೆದು, "ರಿತ್ಸ್ಪಾ ಬತ್ ಅಯ್ಯಾ!" ಅಂದರು, ಅಯ್ಯಾಹನ ಮಗಳು ರಿಚ್ಪ ಅಂತ. ಶಾಲೆಯಲ್ಲಿ ಓದಿದ್ದು ನೆನಪಾಯಿತಂತೆ. ಕಪಾಟಿನಿಂದ ತನಖ್, ಅಂದರೆ ಹೀಬ್ರೂ ಬೈಬಲ್ ತೆಗೆಸಿ ಆ ಪುಟ ಹುಡುಕಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಪುಸ್ತಕ ಮುಚ್ಚಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು.

ಇಲ್ಲಿ ಈ ಹೆಸರಿನವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ನೆಲ ಅನ್ನುವ ಅರ್ಥ ಅಷ್ಟು ಬಳಕೆಯಲ್ಲಿದೆ. ಆದರೆ ಅವಳ ತಂದೆಯ ಹೆಸರು, ಅಯ್ಯಾ, ಇಲ್ಲಿ ಹೆಣ್ಣುಮಕ್ಕಳಿಗೆ ಬಹಳ ಇಡುತ್ತಾರೆ.

ಸೆಮಿನರಿ_ಬೆಂಚು

ಹೈಫಾದ ಅಕ್ಕ, ನೀವು ಹೇಳಿದ್ದರಲ್ಲೇ ಒಂದು ಸೂಕ್ಷ್ಮ ಇದೆ. ಇವತ್ತು ನೆಲಕ್ಕೂ "ರಿತ್ಸ್ಪಾ", ಹೆಸರಿಗೂ "ರಿತ್ಸ್ಪಾ". ಆದರೆ ಪರಂಪರೆಯ ಹೀಬ್ರೂ ಪಾಠದಲ್ಲಿ ಹಾಗಿಲ್ಲ. ಹೀಬ್ರೂವಿನಲ್ಲಿ "ಪೇ" ಅಕ್ಷರದೊಳಗೆ ಒಂದು ಚುಕ್ಕೆ ಇದ್ದರೆ "ಪ", ಇಲ್ಲದಿದ್ದರೆ "ಫ". ಯೆಹೆಜ್ಕೇಲನ ಕಲ್ಲುಹಾಸಿನ ನೆಲದಲ್ಲಿ ಚುಕ್ಕೆ ಇಲ್ಲ, ಅದು "ರಿಚ್ಫಾ". ಯೆಶಾಯನ ತುಟಿಗೆ ಮುಟ್ಟಿದ ಕೆಂಡದಲ್ಲಿ ಚುಕ್ಕೆ ಇದೆ, "ರಿಚ್ಪಾ". ಸೌಲನ ಮನೆಯ ಈ ಹೆಂಗಸಿನ ಹೆಸರಿನಲ್ಲೂ ಚುಕ್ಕೆ ಇದೆ.

ಚುಕ್ಕೆಗಳನ್ನು ಹಾಕಿದವರು ಎಷ್ಟೋ ಶತಮಾನ ಆಮೇಲಿನ ಮಸೋರೆಟಿಕ್ ಪಂಡಿತರು. ಆದರೆ ಅವರು ತಮ್ಮ ಕಿವಿಗೆ ಬಂದ ಓದುವ ಪರಂಪರೆಯನ್ನು ಕಾಪಾಡಿದರು. ಆ ಪರಂಪರೆಯ ಪ್ರಕಾರ ಈ ಹೆಸರು ಕೆಂಡದ್ದು. ಕನ್ನಡದಲ್ಲಿ ನಾವು "ಪ" ಬರೆದಿದ್ದೇವಲ್ಲ, ಆ ಒತ್ತಕ್ಷರದಲ್ಲಿ ಆ ಚುಕ್ಕೆ ಉಳಿದುಕೊಂಡಿದೆ.

ತಂದೆಯ ಹೆಸರಿನ ಬಗ್ಗೆ ಹೇಳಿದಿರಿ, ಅದೂ ಮುಖ್ಯ. "ಅಯ್ಯಾ" ಅನ್ನುವುದು ಒಂದು ಬೇಟೆಹಕ್ಕಿ. ಯಾಜಕಕಾಂಡ 11ರಲ್ಲಿ ತಿನ್ನಬಾರದ ಹಕ್ಕಿಗಳ ಪಟ್ಟಿಯಲ್ಲಿ ಅದು ಬರುತ್ತದೆ. ಯೋಬ 28ರಲ್ಲಿ "ಅದರ ಕಣ್ಣಿಗೂ ಬೀಳದ ದಾರಿ" ಎಂದು ಅದರ ತೀಕ್ಷ್ಣ ನೋಟವನ್ನು ಹೇಳಿದೆ. ಗಿಡುಗನ ಮಗಳು ಬಂಡೆಯ ಮೇಲೆ ಕೂತು ಆಕಾಶದ ಹಕ್ಕಿಗಳನ್ನು ಓಡಿಸಿದಳು. ಬರೆದವರು ಇದನ್ನು ಬೇಕೆಂದೇ ಹೊಂದಿಸಿದರು ಅಂತ ನಾನು ಸಾಧಿಸುವುದಿಲ್ಲ. ಆದರೆ ಹೀಬ್ರೂವಿನಲ್ಲಿ ಕೇಳುವವರ ಕಿವಿಗೆ ಅದು ಬೀಳದೆ ಇರುವುದಿಲ್ಲ.

ಬಡಗಣ_ಹಿರಿಯ

ತಂಗಿ, ಬೇಸರ ಮಾಡ್ಕೋಬ್ಯಾಡ್ರಿ. ನಾ ಹೇಳೋದು ನಿಮ್ಮ ಮನಿ ಹಿರೇರು ಹೇಳಿದ್ದೇ. ಹೆಸರಿನ ಅರ್ಥ ನಿಘಂಟಿನ್ಯಾಗ ಒಂದಿರತೈತಿ, ಜನರ ನಾಲಿಗಿ ಮ್ಯಾಲೆ ಇನ್ನೊಂದಿರತೈತಿ. ಸಂಡೇಸ್ಕೂಲಿನ್ಯಾಗ ಯಾರರೆ ಆ ಕೂಸಿಗೆ "ನಿನ್ನ ಹೆಸರಿನಾಕಿ ಏನ್ಮಾಡಿದ್ಲು" ಅಂತ ಕೇಳಿದ್ರ, ಏಳು ವರ್ಷದ ಹುಡುಗಿ ಏನು ಹೇಳಬೇಕು?

ಸತ್ಯವೇದದಾಗೂ ದುಃಖದ ಹೆಸರು ಅದಾವ. ಯಾಜಕ ಏಲಿಯ ಸೊಸಿ ಸಾಯೋ ಮುಂದ ಕೂಸಿಗೆ ಈಕಾಬೋದ್, "ಮಹಿಮೆ ಹೋಯಿತು" ಅಂತ ಹೆಸರಿಟ್ಟಳು. ಯಾಬೇಚನ ತಾಯಿ ನೋವಿನ್ಯಾಗ ಹಡದೆ ಅಂತ ಆ ಹೆಸರು ಇಟ್ಟಳು, ಅವನು ಆ ನೋವು ತನಗೆ ಬರಬಾರದು ಅಂತ ಪ್ರಾರ್ಥನಾ ಮಾಡಬೇಕಾಯ್ತು. ರಾಹೇಲ ಬೆನೋನಿ ಅಂದಳು, "ನನ್ನ ದುಃಖದ ಮಗ". ಯಾಕೋಬ ಅದನ್ನ ಉಳಸಲಿಲ್ಲ, ಬೆನ್ಯಾಮೀನ ಅಂತ ಮಾಡಿದ. ಅಪ್ಪ ಆದವನಿಗೆ ಗೊತ್ತಿತ್ತು, ಕೂಸಿನ ಹೆಗಲಿಗೆ ಆ ಭಾರ ಬ್ಯಾಡ ಅಂತ. ನೀವೂ ಅದನ್ನ ಯೋಚನಾ ಮಾಡ್ರಿ.

ನಿವೃತ್ತ_ಸಭಾಪಾಲಕ

ಹಿರಿಯರ ಕಾಳಜಿ ಸಣ್ಣದಲ್ಲ. ನಲವತ್ತು ವರ್ಷ ನಾನೂ ಮಕ್ಕಳ ಹೆಸರನ್ನು ರಿಜಿಸ್ಟರಿಗೆ ಬರೆದವನು, ಕೆಲವು ಹೆಸರುಗಳನ್ನು ಕೇಳಿ ನಾನೇ ತಂದೆತಾಯಿಯನ್ನು ಬದಿಗೆ ಕರೆದು ಮಾತಾಡಿದ್ದುಂಟು. ಆದರೆ ಇಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಈಕಾಬೋದ್, ಬೆನೋನಿ, ಯಾಬೇಚ ಮೂರೂ ದುಃಖದ ಹೊತ್ತಿನಲ್ಲಿ ದುಃಖವನ್ನೇ ಅರ್ಥವಾಗಿಟ್ಟು ಕೊಟ್ಟ ಹೆಸರುಗಳು. ರಿಚ್ಪ ಹಾಗಲ್ಲ. ಅದು ಅಯ್ಯಾಹ ಎಂಬ ತಂದೆ ತನ್ನ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಕೊಟ್ಟ ಹೆಸರು. ಆಗ ಸೌಲನೂ ಇರಲಿಲ್ಲ, ಗಲ್ಲೂ ಇರಲಿಲ್ಲ. ದುಃಖ ಅವಳ ಬದುಕಿನಲ್ಲಿ ಬಂತು, ಹೆಸರಿನಲ್ಲಿ ಇರಲಿಲ್ಲ.

ಉಪಪತ್ನಿ ಅನ್ನುವ ಮಾತಿಗೆ ಬರುತ್ತೇನೆ. ಹೀಬ್ರೂವಿನ "ಪಿಲೆಗೆಷ್" ಅಂದರೆ ಇಟ್ಟುಕೊಂಡವಳು ಅಂತ ನಮ್ಮಲ್ಲಿ ಆಡುವ ಕೀಳು ಮಾತಲ್ಲ. ಅವಳು ಅರಮನೆಯ ಒಳಗಿನವಳು, ಎರಡನೆಯ ಸ್ಥಾನದ ಹೆಂಡತಿ. ಅವಳ ಹಿರಿಮಗನ ಹೆಸರು ಅರ್ಮೋನೀ, "ಅರಮನೆಯವನು" ಅಂತ. ಆ ಅರಮನೆಯ ಹುಡುಗ ಬೆಟ್ಟದ ಮೇಲೆ ಗಲ್ಲಿನಲ್ಲಿ ತೂಗಿದ.

ಅವಳ ಹೆಸರು ಇಡೀ ಗ್ರಂಥದಲ್ಲಿ ನಾಲ್ಕೇ ಸಲ. ಮೊದಲ ಸಲ 2 ಸಮುವೇಲ 3ರಲ್ಲಿ. ಸೌಲ ಸತ್ತ ಮೇಲೆ ಸೇನಾಪತಿ ಅಬ್ನೇರನು ಅವಳೊಡನೆ ಸೇರಿದನೆಂದು ಸೌಲನ ಮಗ ಈಷ್ಬೋಶೆತನು ಆರೋಪಿಸುತ್ತಾನೆ. ಸತ್ತ ಅರಸನ ಉಪಪತ್ನಿಯನ್ನು ಮುಟ್ಟುವುದೆಂದರೆ ಸಿಂಹಾಸನಕ್ಕೆ ಕೈಹಾಕಿದಂತೆ. ಅಬ್ನೇರ ಸಿಟ್ಟಿಗೆದ್ದು ದಾವೀದನ ಪಕ್ಷಕ್ಕೆ ಹೊರಳುತ್ತಾನೆ, ರಾಜ್ಯವೇ ಕೈಬದಲಾಗುತ್ತದೆ. ಇಬ್ಬರು ಗಂಡಸರು ಅವಳ ಮೇಲೆ ಜಗಳವಾಡಿದರು. ಆಗಿದ್ದು ನಿಜವೋ ಸುಳ್ಳೋ, ಅವಳನ್ನು ಯಾರೂ ಕೇಳಲಿಲ್ಲ.

ಉಳಿದ ಮೂರು ಸಲವೂ 21ನೇ ಅಧ್ಯಾಯದಲ್ಲಿ. ಮೂರು ವರ್ಷ ಬರ. ಯೆಹೋಶುವನ ಕಾಲದಲ್ಲಿ ಗಿಬ್ಯೋನ್ಯರೆಂಬ ಪರದೇಶಿಗಳಿಗೆ ಕೊಲ್ಲುವುದಿಲ್ಲವೆಂದು ಕೊಟ್ಟ ಆಣೆಯನ್ನು ಸೌಲ ಮುರಿದು ಅವರನ್ನು ಕೊಂದಿದ್ದ, ಆ ರಕ್ತಾಪರಾಧ ದೇಶದ ಮೇಲಿದೆ ಎಂದು ದಾವೀದನಿಗೆ ತಿಳಿಯುತ್ತದೆ. ಗಿಬ್ಯೋನ್ಯರು ಬೆಳ್ಳಿ ಬಂಗಾರ ಬೇಡವೆಂದು ಸೌಲನ ವಂಶದ ಏಳು ಮಂದಿಯನ್ನು ಕೇಳುತ್ತಾರೆ. ದಾವೀದ ಕೊಡುತ್ತಾನೆ.

ನಾನು ಎಷ್ಟೋ ವರ್ಷ ಈ ಭಾಗವನ್ನು "ಏಳು ಮಂದಿಯನ್ನು ಗಲ್ಲಿಗೇರಿಸಿದರು, ಬರ ತೀರಿತು" ಅಂತ ಓದಿಕೊಂಡು ಬಂದೆ. ಆಮೇಲೆ ಒಂದು ದಿನ 14ನೇ ವಚನವನ್ನು ನಿಧಾನವಾಗಿ ಓದಿದೆ. ದೇವರು ದೇಶಕ್ಕಾಗಿ ಮಾಡಿದ ವಿಜ್ಞಾಪನೆಯನ್ನು ಆಲಿಸಿದ್ದು ಗಲ್ಲಿನ ಮರುದಿನವಲ್ಲ. ರಿಚ್ಪ ಮಾಡಿದ್ದು ದಾವೀದನ ಕಿವಿಗೆ ಬಿತ್ತು. ಅವನು ಎದ್ದು ಹೋಗಿ ಯಾಬೇಷ್ ಗಿಲ್ಯಾದಿನಿಂದ ಸೌಲ ಮತ್ತು ಅವನ ಮಗ ಯೋನಾತಾನರ ಎಲುಬುಗಳನ್ನು ತಂದ. ಗಲ್ಲಿಗೆ ಹಾಕಿದವರ ಎಲುಬುಗಳನ್ನೂ ಕೂಡಿಸಿದರು. ಬೆನ್ಯಾಮೀನ ಸೀಮೆಯ ಚೇಲದಲ್ಲಿ ಸೌಲನ ತಂದೆ ಕೀಷನ ಸಮಾಧಿಯಲ್ಲಿ ಹೂಳಿದರು. "ತರುವಾಯ" ದೇವರು ಆಲಿಸಿದನು. ಆ "ತರುವಾಯ" ಎಂಬ ಒಂದು ಪದದ ಮೇಲೆ ನಾನು ಆಮೇಲೆ ಎಷ್ಟೋ ಪ್ರಸಂಗ ಮಾಡಿದ್ದೇನೆ. ಅರಸನಿಗೆ ಮಾಡಬೇಕಾದ ಕೆಲಸ ಯಾವುದೆಂದು ತೋರಿಸಿದವಳು ಬಾಯಿ ಬಿಡದ ಈ ಹೆಂಗಸು.

ಅಳಿವೆಬಾಗಿಲು

ನಾನು ಕ್ರೈಸ್ತಳಲ್ಲ. ಮಲ್ಪೆ ಕಡೆಯ ಮೀನುಗಾರರ ಮನೆಯವಳು. ಹೆಸರಿನ ಅರ್ಥದ ಚರ್ಚೆ ಎಂದು ಓದಲು ಬಂದೆ, ಓದಿ ಹೋಗಲು ಆಗಲಿಲ್ಲ.

ನನಗೆ ಹನ್ನೊಂದು ವರ್ಷವಿದ್ದಾಗ ಅಣ್ಣನ ದೋಣಿ ಅಳಿವೆಯಲ್ಲಿ ಮಗುಚಿತು. ಜೊತೆಗಿದ್ದವರು ಈಜಿ ಬಂದರು, ಅವನು ಬರಲಿಲ್ಲ. ಅಮ್ಮ ಮರಳ ಮೇಲೆ ಕೂತಳು. ಮನೆಗೆ ಬಾ ಅಂದರೆ ಬರಲಿಲ್ಲ. ಎರಡು ಹಗಲು ಎರಡು ರಾತ್ರಿ. ಮೂರನೇ ದಿನ ಬೆಳಗಿನ ಜಾವ ಸಮುದ್ರ ಅವನನ್ನು ಸ್ವಲ್ಪ ದೂರದಲ್ಲಿ ತಂದು ಹಾಕಿತು. ನಾವೆಲ್ಲ ಎದ್ದು ಓಡುವಷ್ಟರಲ್ಲಿ ಅಮ್ಮ ಅಲ್ಲಿದ್ದಳು. ತನ್ನ ಸೀರೆಯ ಸೆರಗು ಹೊದಿಸಿ, ಕೈಯಲ್ಲಿ ಮುರಿದ ಹುಟ್ಟಿನ ತುಂಡು ಹಿಡಿದು ನಾಯಿಗಳನ್ನು ಓಡಿಸುತ್ತಿದ್ದಳು. ಪಂಚನಾಮೆಗೆ ಬರಬೇಕಾದವರು ಬರುವ ತನಕ ಬಿಸಿಲೇರಿತು. ಅಷ್ಟು ಹೊತ್ತೂ ಅವಳು ಕೋಲು ಕೆಳಗಿಡಲಿಲ್ಲ.

ನಮ್ಮಲ್ಲಿ ತಿಥಿಯ ದಿನ ಪಿಂಡ ಇಟ್ಟು ಕಾಗೆ ಬಂದು ಮುಟ್ಟಲಿ ಎಂದು ಕಾಯುತ್ತೇವೆ. ಬಾರದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಅನ್ನುತ್ತೇವೆ. ಆ ತಾಯಿ ಹಕ್ಕಿ ಬಾರದಿರಲಿ ಎಂದು ಕಾದಳು. ಎರಡೂ ಕಾಯುವುದೇ. ಹೆಣ ಕಾದವಳ ಹೆಸರು ಎಂದು ನಿಮ್ಮ ಮನೆಯವರು ಹೇಳಿದ್ದಕ್ಕೆ ನನ್ನಿಂದ ಇಷ್ಟೇ: ನನ್ನ ಅಮ್ಮನನ್ನು ಊರಿನವರು ಆ ದಿನದ ಮೇಲೆ ಬೇರೆ ಗೌರವದಿಂದ ನೋಡಿದರು.

ಹಂಚಿನ_ಮನೆ

ಅಳಿವೆಬಾಗಿಲಿನ ಅಕ್ಕ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅವರು ಒಳಗೆ ಎದ್ದುಹೋದರು. ಬೇರೇನೂ ಹೇಳಲಿಲ್ಲ.

ಗದುಗಿನ_ಓದುಗ

ಈ ಕಥೆ ನನಗೆ ಹೊಸದು. ಓದುವಾಗ ನೆನಪಾದದ್ದು ಸ್ತ್ರೀಪರ್ವದ ಗಾಂಧಾರಿ. ಅವಳೂ ರಣರಂಗದಲ್ಲಿ ಬಿದ್ದ ಮಕ್ಕಳ ಸುತ್ತ ಹದ್ದು ನರಿಗಳನ್ನು ಕಾಣುತ್ತಾಳೆ. ಆದರೆ ಗಾಂಧಾರಿ ಮಾತಾಡುತ್ತಾಳೆ, ಒಬ್ಬೊಬ್ಬರ ಹೆಸರು ಹಿಡಿದು ಅಳುತ್ತಾಳೆ, ಕೊನೆಗೆ ಕೃಷ್ಣನಿಗೇ ಶಾಪ ಕೊಡುತ್ತಾಳೆ. ರಿಚ್ಪ ದಾವೀದನನ್ನು ಶಪಿಸಬಹುದಿತ್ತು. ಮಕ್ಕಳನ್ನು ಒಪ್ಪಿಸಿದವನು ಅವನೇ. ಶಾಪಕ್ಕಿಂತ ಆ ಗೋಣಿತಟ್ಟು ಅರಸನನ್ನು ಹೆಚ್ಚು ಚುಚ್ಚಿರಬೇಕು.

ಒಂದು ಅನುಮಾನ. ಒಂದು ಪ್ರತಿಯಲ್ಲಿ ಆ ಐವರು ಮೀಕಲಳ ಮಕ್ಕಳು ಎಂದಿದೆ, ಇನ್ನೊಂದರಲ್ಲಿ ಮೇರಬಳ ಮಕ್ಕಳು. ಯಾವುದು?

ಸೆಮಿನರಿ_ಬೆಂಚು

ಮೇರಬ್. ಇಬ್ಬರೂ ಸೌಲನ ಹೆಣ್ಣುಮಕ್ಕಳು. ಹೀಬ್ರೂ ಪಾಠದ ಹೆಚ್ಚಿನ ಪ್ರತಿಗಳಲ್ಲಿ ಮೀಕಲ್ ಅಂತಿದೆ. ಆದರೆ ಆ ಐವರ ತಂದೆ ಅದ್ರಿಯೇಲನನ್ನು ಮದುವೆಯಾದವಳು ಮೇರಬ್ ಎಂದು 1 ಸಮುವೇಲ 18ರಲ್ಲಿದೆ, ಮೀಕಲಳಿಗೆ ಸಾಯುವ ತನಕ ಮಕ್ಕಳಾಗಲಿಲ್ಲ ಎಂದು 2 ಸಮುವೇಲ 6ರಲ್ಲಿದೆ. ಕೆಲವು ಹಳೆಯ ಪ್ರತಿಗಳಲ್ಲಿ ಮೇರಬ್ ಎಂದೇ ಇದೆ.

ಆ ಐವರಲ್ಲಿ ಒಬ್ಬರೂ ರಿಚ್ಪಳ ಹೊಟ್ಟೆಯಲ್ಲಿ ಹುಟ್ಟಿದವರಲ್ಲ ಎಂಬುದನ್ನೂ ಮರೆಯಬೇಡಿ. ಸವತಿಯ ಮಗಳ ಮಕ್ಕಳು. ಅವಳು ಹಕ್ಕಿ ಓಡಿಸುವಾಗ ನನ್ನವರು, ಅವಳವರು ಎಂದು ನೋಡಲಿಲ್ಲ.

ಹೈಫಾದಿಂದ

ಎಷ್ಟು ದಿನ ಕಾದಿರಬಹುದು ಅಂತ ಯಾರೂ ಕೇಳಲಿಲ್ಲ, ನನಗೆ ಅದೇ ತಲೆಯಲ್ಲಿ ಕೊರೆಯುತ್ತಿದೆ. ಜವೆಗೋದಿಯ ಸುಗ್ಗಿ ಶುರುವಾದಾಗಿನಿಂದ ಆಕಾಶದಿಂದ ನೀರು ಬೀಳುವ ತನಕ ಅಂತಿದೆ. ದಿನದ ಲೆಕ್ಕ ಕೊಟ್ಟಿಲ್ಲ. ಇಲ್ಲಿ ಜವೆಗೋದಿ ಕೊಯ್ಯುವುದು ಏಪ್ರಿಲ್ ಹೊತ್ತಿಗೆ. ಆಮೇಲೆ ನಮ್ಮೂರಿನ ಹಾಗೆ ಜೂನಿನಲ್ಲಿ ಮಳೆ ಬರುವುದಿಲ್ಲ! ಇಲ್ಲಿ ಬೇಸಿಗೆ ಪೂರ್ತಿ ಒಣ. ಮೇ, ಜೂನ್, ಜುಲೈ, ಆಗಸ್ಟ್, ಒಂದು ಮೋಡ ನಿಲ್ಲುವುದಿಲ್ಲ. ಮಳೆಗಾಲದ ಮೊದಲ ಹನಿ ಬೀಳುವುದು ಅಕ್ಟೋಬರಿನ ಸುಮಾರಿಗೆ. ಕೆಲವರು ಅಕಾಲದ ಮಳೆ ಬೇಗ ಬಂದಿರಬೇಕು ಅನ್ನುತ್ತಾರೆ. ಅಲ್ಲವಾದರೆ ಅವಳು ಆ ಬಂಡೆಯ ಮೇಲೆ ಐದಾರು ತಿಂಗಳು ಕೂತಿದ್ದಳು. ಆಗಸ್ಟಿನ ಮಧ್ಯಾಹ್ನ ಇಲ್ಲಿನ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಕಾದ ಕಲ್ಲು ಅಂತ ಸೆಮಿನರಿಯ ಅಣ್ಣ ಹೇಳಿದರಲ್ಲ, ಅವಳ ಹೆಸರೂ ಅದೇ, ಕೂತ ಜಾಗವೂ ಅದೇ.

ಹಕ್ಕಿಗಳ ವಿಷಯವೂ ಹೇಳಬೇಕು. ಆಫ್ರಿಕಾದಿಂದ ಯುರೋಪಿಗೆ ವಲಸೆ ಹೋಗುವ ಹಕ್ಕಿಗಳ ದಾರಿ ಈ ಸಣ್ಣ ದೇಶದ ಮೇಲೇ ಹಾದುಹೋಗುತ್ತದೆ. ವಸಂತದಲ್ಲಿ ಹದ್ದು, ಗಿಡುಗಗಳು ಲಕ್ಷಗಟ್ಟಲೆ ಬರುತ್ತವೆ. ಮನೆಯ ತಾರಸಿಯಿಂದ ನಾನೇ ನೋಡಿದ್ದೇನೆ, ಬಿಸಿಗಾಳಿಯ ಮೇಲೆ ಸುತ್ತುತ್ತಾ ಮೇಲೇರಿ, ಒಂದರ ಹಿಂದೆ ಒಂದು ಉತ್ತರಕ್ಕೆ ಜಾರುತ್ತವೆ. ಸುಗ್ಗಿಯೂ ಆ ಹೊತ್ತಿಗೇ. ಅವಳು ಕೂತದ್ದು ಆಕಾಶದಲ್ಲಿ ರೆಕ್ಕೆಗಳು ತುಂಬಿರುವ ದಿನಗಳಲ್ಲಿ.

ನಿವೃತ್ತ_ಸಭಾಪಾಲಕ

ಧರ್ಮಶಾಸ್ತ್ರದ ಕಡೆಯಿಂದ ಒಂದು ಮಾತು. ಧರ್ಮೋಪದೇಶಕಾಂಡ 21ರಲ್ಲಿ, ಮರಕ್ಕೆ ತೂಗುಹಾಕಿದವನ ಹೆಣ ರಾತ್ರಿ ಅಲ್ಲೇ ಇರಬಾರದು, ಆ ದಿನವೇ ಹೂಳಬೇಕು ಎಂದು ಸ್ಪಷ್ಟವಾಗಿದೆ. ಹಾಗಾದರೆ ಈ ಏಳು ಮಂದಿಯನ್ನು ಯಾಕೆ ಬಿಟ್ಟರು? ಆ ಆಜ್ಞೆಯನ್ನು ಪಾಲಿಸಬೇಕಾದವರು ಪಾಲಿಸದೆ ಹೋದಾಗ, ಹೂಳುವ ಅಧಿಕಾರವಿಲ್ಲದ ಒಬ್ಬ ಹೆಂಗಸು ತನ್ನ ಕೈಲಾದಷ್ಟನ್ನು ಮಾಡಿದಳು ಎಂದು ನಾನು ಓದುತ್ತೇನೆ.

ಸೆಮಿನರಿ_ಬೆಂಚು

ಇದೇ ಪ್ರಶ್ನೆಯನ್ನು ಯೆಹೂದಿ ಗುರುಗಳೂ ಎತ್ತಿದ್ದಾರೆ. ಅವರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಯೆವಾಮೋತ್ ಭಾಗದಲ್ಲಿ ಚರ್ಚೆ ಇದೆ. ಅಲ್ಲಿನ ಉತ್ತರ ಬೇರೆ: ಪರದೇಶಿಗಳಾದ ಗಿಬ್ಯೋನ್ಯರಿಗೆ ಆದ ಅನ್ಯಾಯಕ್ಕೆ ರಾಜಕುಮಾರರೇ ದಂಡ ತೆತ್ತರು ಎಂದು ಎಲ್ಲರಿಗೂ ಕಾಣಲಿ, ದೇವರ ಹೆಸರು ಬಹಿರಂಗವಾಗಿ ಪವಿತ್ರವೆನಿಸಲಿ, ಅದಕ್ಕಾಗಿ ಧರ್ಮಶಾಸ್ತ್ರದ ಒಂದು ಅಕ್ಷರ ಕಿತ್ತುಹೋದರೂ ಚಿಂತೆಯಿಲ್ಲ ಎನ್ನುತ್ತಾರೆ. ದಾರಿಹೋಕರು ಇವರು ಯಾರು ಎಂದು ಕೇಳಿ, ಉತ್ತರ ತಿಳಿದು, ಒಂದೂವರೆ ಲಕ್ಷ ಜನ ಇಸ್ರಾಯೇಲಿಗೆ ಸೇರಿಕೊಂಡರಂತೆ.

ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಗಿಬ್ಯೋನ್ಯರ ನೋವು ನಿಜ. ಅವರ ಊರು ಯೆರೂಸಲೇಮಿನ ವಾಯವ್ಯಕ್ಕಿರುವ ಎಲ್-ಜೀಬ್, ಜೇಮ್ಸ್ ಪ್ರಿಚರ್ಡ್ 1956ರಿಂದ 1962ರವರೆಗೆ ಅಗೆದಾಗ ಊರಿನ ಹೆಸರು ಕೆತ್ತಿದ ಜಾಡಿಯ ಹಿಡಿಗಳು ಸಿಕ್ಕಿದವು. ಅಲ್ಲೂ ತಾಯಂದಿರಿದ್ದರು, ಅವರ ಹೆಸರು ಯಾರೂ ಬರೆದಿಡಲಿಲ್ಲ. ಆದರೆ ಸೌಲನ ತಪ್ಪಿಗೆ ಅರ್ಮೋನೀ ಯಾಕೆ ಸಾಯಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ತಂದೆಯ ಪಾಪಕ್ಕೆ ಮಗನಿಗೆ ಮರಣದಂಡನೆ ಕೂಡದು ಎಂದು ಅದೇ ಧರ್ಮೋಪದೇಶಕಾಂಡ 24ರಲ್ಲಿದೆ.

ಬಡಗಣ_ಹಿರಿಯ

ಎಲ್ಲಾ ಓದಿದೆ. ಅಳಿವೆಬಾಗಿಲಿನ ತಂಗಿ ಬರದದ್ದು ಎರಡು ಸಲ ಓದಿದೆ. ನನ್ನ ಮನಸ್ಸು ಪೂರ್ತಿ ಬದಲಾಗೇತಿ ಅಂತ ಸುಳ್ಳು ಹೇಳೂದಿಲ್ಲ. ಕೂಸಿಗೆ ಇನ್ನೊಂದು ಹೆಸರೂ ಇಡ್ರಿ, ಶಾಲಿಗೆ, ಗೆಳತ್ಯಾರಿಗೆ. ಎರಡೂ ಇರಲಿ. ದೊಡ್ಡಾಕಿ ಆದಮ್ಯಾಲೆ ಯಾವುದು ಬೇಕೋ ಅದನ್ನ ತಾನೇ ಹಿಡೀಲಿ. ಆದ್ರ ಏಳು ವರ್ಷದ ಹುಡುಗಿಗೆ ಏನು ಹೇಳಬೇಕು ಅಂತ ಕೇಳಿದ್ನೆಲ್ಲ, ಅದಕ್ಕ ಉತ್ತರ ನನಗೇ ಸಿಕ್ಕೇತಿ. ದೇವದೂತ ಇಕ್ಕುಳದಾಗ ಹಿಡಕೊಂಡು ಬಂದ ಕೆಂಡ ಅಂತ ಹೇಳ್ರಿ. ಅಷ್ಟು ಸಾಕು ಆ ವಯಸ್ಸಿಗೆ.

ಸೆಮಿನರಿ_ಬೆಂಚು

ಹಿರಿಯರೇ, ನಿಮ್ಮ ಮಾತು ಚೆನ್ನಾಗಿದೆ. ಅದಕ್ಕೆ ಒಂದು ಸೇರಿಸುತ್ತೇನೆ, ನೆಲದ ಅರ್ಥವನ್ನೂ ಪೂರ್ತಿ ಬಿಡಬೇಡಿ. ಪರಮಗೀತ 3ರಲ್ಲಿ ಸೊಲೊಮೋನನ ಪಲ್ಲಕ್ಕಿಯ ಒಳಭಾಗ "ರಾಚೂಫ್ ಅಹವಾ" ಎಂದಿದೆ. ನೆಲಕ್ಕೆ ಕಲ್ಲು ಕೂಡಿಸಿ ಹಾಸುವ ಅದೇ ಧಾತು. ಪ್ರೀತಿಯನ್ನು ಹಾಸಿ ಕೂಡಿಸಿದ್ದು ಅಂತ.

ಹಂಚಿನ_ಮನೆ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಮಗು ರಾತ್ರಿ ನಿದ್ದೆ ಮಾಡುತ್ತಿಲ್ಲ.

ಕೆಂಡ, ನೆಲ ಎರಡನ್ನೂ ಅಜ್ಜಿಗೆ ವಿವರಿಸಿದೆ. ಕಾದ ಕಲ್ಲು ಒಂದು ಕಡೆ, ಹಾಸಿದ ಕಲ್ಲು ಇನ್ನೊಂದು ಕಡೆ, ಪಂಡಿತರು ಎರಡು ಬೇರೆ ಧಾತು ಅನ್ನುತ್ತಾರೆ ಅಂದೆ. ಅಜ್ಜಿ ಕೂತಲ್ಲಿಂದಲೇ ಕಾಲಿನಿಂದ ನೆಲ ತಟ್ಟಿದರು. "ಇದು ಮತ್ತೆ ಎಂತದ್ದು?" ಅಂದರು.

ನಮ್ಮ ಮನೆಯ ನೆಲ ಕೆಂಪು ಹಂಚಿನದ್ದು, ಚೌಕದ ಬಿಲ್ಲೆಗಳು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ನಿಮಗೆಲ್ಲ ಗೊತ್ತು. ಅಜ್ಜಿಯ ತಂದೆ ಅಲ್ಲಿ ಭಟ್ಟಿಯಲ್ಲಿ ಕೆಲಸಕ್ಕಿದ್ದವರು. ಬೆಂಕಿ ಎಷ್ಟು ಹತ್ತಬೇಕೋ ಅಷ್ಟು ಹತ್ತಿದೆಯೇ ಎಂದು ಸಣ್ಣ ಕಿಂಡಿಯಿಂದ ನೋಡುತ್ತಿದ್ದರಂತೆ. ಒಳಗಿನ ಹಂಚು ಕೆಂಡದ ಬಣ್ಣಕ್ಕೆ ಬಂದಿರಬೇಕು, ಬಾರದೆ ತೆಗೆದರೆ ಮಳೆಗಾಲಕ್ಕೆ ಉಳಿಯುವುದಿಲ್ಲ. ಮನೆಗೆ ಬಂದಾಗ ಅವರ ಹುಬ್ಬು ಸುಟ್ಟಿರುತ್ತಿತ್ತಂತೆ. "ಈ ನೆಲ ಒಂದು ದಿನ ಕೆಂಡವೇ ಆಗಿತ್ತು" ಅಂದರು ಅಜ್ಜಿ. ಆಮೇಲೆ ಭೂತಗನ್ನಡಿ ಒರೆಸಿಕೊಂಡು ಸತ್ಯವೇದ ತರಲು ಹೇಳಿದರು.

ಅತ್ತೆ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ನಿನ್ನೆ ಮಗುವಿಗೆ ಎಣ್ಣೆ ಹಚ್ಚುವಾಗ ಆ ಹೆಸರು ಹಿಡಿದು ಒಂದು ಸಲ ಕರೆದದ್ದು ನನಗೆ ಕೇಳಿಸಿತು. ಹಿರಿಯರು ಹೇಳಿದ ಹಾಗೆ ಎರಡನೆಯ ಹೆಸರನ್ನೂ ಇಡುತ್ತೇವೆ, ಅದನ್ನು ಅತ್ತೆಯೇ ಆರಿಸಲಿ.

ನಮ್ಮ ಸತ್ಯವೇದದ ಮೊದಲ ಖಾಲಿ ಪುಟದಲ್ಲಿ ಮನೆಯಲ್ಲಿ ಹುಟ್ಟಿದವರ ಹೆಸರುಗಳನ್ನು ಬರೆಯುವ ರೂಢಿ ಇದೆ. ಅಜ್ಜಿ ತಾವೇ ಬರೆಯುತ್ತೇನೆ ಎಂದು ಪೆನ್ನು ಹಿಡಿದರು. ಕೈ ನಡುಗುತ್ತಿತ್ತು. "ರಿ" ಬರೆದರು, "ಚ" ಬರೆದರು, ಅಲ್ಲಿ ನಿಂತು, ಕೆಳಗೆ ಒತ್ತು ಕೊಡುವುದು ಪಕಾರವೇ ತಾನೇ ಎಂದು ನನ್ನನ್ನು ಕೇಳಿದರು. ಹೌದು ಅಜ್ಜಿ, ಪಕಾರವೇ, ಅಂದೆ.